ಸೇಡು ತೀರಿದ ಮೇಲೇನು?

ಗುರು ಸಾಯ್ತಾನೆ. ಹಾಂಗ್‌ಕಾಂಗಿನ ಹಳೇ ಕುಂಗ್‌ಫು ಸಿನಿಮಾ ಯಾವುದನ್ನಾದರೂ ಹಾಕಿ ನೋಡಿ, ಹೆಚ್ಚುಕಡಿಮೆ ಮೊದಲ ಅರ್ಧ ಗಂಟೆಯೊಳಗೆ ಬಿಳಿಗಡ್ಡದ ಗುರುವೊಬ್ಬ ಮೋಸದಿಂದ ಕೊಲೆಯಾಗಿರ್ತಾನೆ. ಗುರು ಅಲ್ಲದಿದ್ದರೆ ಅಪ್ಪ, ಅಪ್ಪ ಅಲ್ಲದಿದ್ದರೆ ಅಣ್ಣ. ಶಿಷ್ಯ ರೋಷದಲ್ಲಿ ಹೋಗಿ ಜಗಳ ತೆಗೆದು, ಚೆನ್ನಾಗಿ ಒದೆ ತಿಂದು ಬರ್ತಾನೆ. ಆಮೇಲೆ ಎಲ್ಲೋ ಹೋಗಿ ಕಲೀತಾನೆ. ವಾಪಸ್ ಬರ್ತಾನೆ. ಕೊಲ್ತಾನೆ. ಕೊನೆಯ ಏಟು ಬಿದ್ದ ಮೂರನೇ ಸೆಕೆಂಡಿಗೆ ಪರದೆ ಮೇಲೆ 'ದಿ ಎಂಡ್'. ಹೆಣ ಎತ್ತೋರು ಯಾರು, ಹೀರೋ ಮನೆಗೆ ಹೋದನಾ, ಊಟ ಮಾಡಿದನಾ, ಇದ್ಯಾವುದನ್ನೂ ಸಿನಿಮಾ ಹೇಳಲ್ಲ.

ಇಷ್ಟು ಗೊತ್ತಿದ್ದೂ ಯಾಕೆ ನೋಡ್ತೀವಿ? ವಿಲನ್ ಸಾಯ್ತಾನೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ನಾನು ಈ ಜಾತಿಯ ಸಿನಿಮಾಗಳನ್ನು ಮೊದಲು ಬಾಡಿಗೆ ಸಿಡಿಯಲ್ಲಿ, ಆಮೇಲೆ ಲ್ಯಾಪ್‌ಟಾಪಿನಲ್ಲಿ ನೂರಾರು ಗಂಟೆ ನೋಡಿದೀನಿ. ನನಗನ್ನಿಸೋದು ಇಷ್ಟು. ಸೇಡು ಇಲ್ಲಿ ಗೋಡೆಗೆ ಹೊಡೆದ ಮೊಳೆ. ನೋಡೋಕೆ ಬಂದಿರೋದು ಮೊಳೆಗೆ ನೇತುಹಾಕಿದ್ದನ್ನು. ಏನನ್ನು ನೇತುಹಾಕಿದ್ದರು ಅನ್ನೋದಕ್ಕೆ ಸ್ವಲ್ಪ ಇತಿಹಾಸ ತಿರುಗಿಸಬೇಕು.

ಬೇರು ಬಹಳ ಹಳೇದು. ಸುಮಾರು 2,100 ವರ್ಷಗಳ ಹಿಂದೆ ಸಿಮಾ ಛಿಯೆನ್ ಎಂಬ ಚೀನಾದ ಇತಿಹಾಸಕಾರ ತನ್ನ ದೊಡ್ಡ ಗ್ರಂಥದಲ್ಲಿ ರಾಜರು, ಮಂತ್ರಿಗಳ ಜೊತೆಗೆ ಹಂತಕರಿಗೂ ಒಂದು ಅಧ್ಯಾಯ ಕೊಟ್ಟ. ಅದರಲ್ಲಿ ಯು ರಾಂಗ್ ಅನ್ನೋನ ಕಥೆ ಬರುತ್ತೆ. ತನ್ನ ಒಡೆಯನನ್ನು ಕೊಂದವನನ್ನು ಕೊಲ್ಲಬೇಕು ಅಂತ ಮೈಗೆಲ್ಲ ಅರಗು ಬಳಿದುಕೊಂಡು ಚರ್ಮ ಹುಣ್ಣು ಮಾಡಿಕೊಳ್ತಾನೆ, ಗುರುತು ಸಿಗಬಾರದು ಅಂತ ಇದ್ದಿಲು ನುಂಗಿ ದನಿ ಕೆಡಿಸಿಕೊಳ್ತಾನೆ. ಬೀದಿಯಲ್ಲಿ ಭಿಕ್ಷೆ ಬೇಡುವಾಗ ಸ್ವಂತ ಹೆಂಡತಿಗೇ ಅವನ ಗುರುತು ಸಿಗಲ್ಲ. ಇಷ್ಟೆಲ್ಲ ಆಗಿಯೂ ಸಿಕ್ಕಿಬೀಳ್ತಾನೆ. ಕೊನೆಗೆ ಶತ್ರುವಿನ ಹತ್ರ ಅವನ ಅಂಗಿಯನ್ನು ಕೇಳಿ ತಗೊಂಡು, ಆ ಅಂಗಿಗೇ ಕತ್ತಿಯಿಂದ ತಿವಿದು, ತಾನೂ ಸಾಯ್ತಾನೆ. ಸೇಡಿಗಿಂತ ಅದಕ್ಕಾಗಿ ತನ್ನ ದೇಹಕ್ಕೆ ಏನು ಮಾಡಿಕೊಂಡ ಅನ್ನೋದೇ ಕಥೆಯಲ್ಲಿ ಹೆಚ್ಚು ಜಾಗ ತಗೊಂಡಿದೆ. ಅದನ್ನು ಬರೆದ ಸಿಮಾ ಛಿಯೆನ್‌ಗೂ ಹಾಗೇ ಆಗಿತ್ತು. ಸೋತ ಸೇನಾಪತಿಯೊಬ್ಬನ ಪರ ಮಾತಾಡಿದ್ದಕ್ಕೆ ಚಕ್ರವರ್ತಿ ಅವನಿಗೆ ಪುರುಷತ್ವ ಕಳೆಯುವ ಶಿಕ್ಷೆ ಕೊಟ್ಟ. ಅಂಥ ಅವಮಾನಕ್ಕೆ ಆತ್ಮಹತ್ಯೆಯೇ ಮರ್ಯಾದೆಯ ದಾರಿ ಅನ್ನೋ ಕಾಲದಲ್ಲಿ ಆತ ಬದುಕಿ ಉಳಿದು ಪುಸ್ತಕ ಮುಗಿಸಿದ.

ಸಿನಿಮಾಕ್ಕೆ ಬಂದರೆ, 1928ರಲ್ಲಿ ಶಾಂಘೈನಲ್ಲಿ 'ದಿ ಬರ್ನಿಂಗ್ ಆಫ್ ದಿ ರೆಡ್ ಲೋಟಸ್ ಟೆಂಪಲ್' ಬಂತು. ಮೂಕಿ ಚಿತ್ರ. ಎಷ್ಟು ಓಡಿತು ಅಂದರೆ ಮೂರು ವರ್ಷದಲ್ಲಿ ಒಂದರ ಹಿಂದೊಂದು ಹದಿನೈದಕ್ಕೂ ಹೆಚ್ಚು ಭಾಗ ತೆಗೆದರು. 1930ರ ದಶಕದ ಆರಂಭದಲ್ಲಿ ರಾಷ್ಟ್ರೀಯವಾದಿ ಸರ್ಕಾರ, ಇವೆಲ್ಲ ಮೂಢನಂಬಿಕೆ, ಜನರನ್ನು ದಾರಿ ತಪ್ಪಿಸ್ತವೆ ಅಂತ ಇಂಥ ಸಿನಿಮಾಗಳನ್ನು ನಿಷೇಧಿಸಿತು. ಆಮೇಲೆ ಈ ಜಾತಿಯ ಚಿತ್ರಗಳಿಗೆ ನೆಲೆ ಕೊಟ್ಟಿದ್ದು ಬ್ರಿಟಿಷರ ಕೈಯಲ್ಲಿದ್ದ ಹಾಂಗ್‌ಕಾಂಗ್. ಅಲ್ಲಿ 1949ರಿಂದ ಕ್ವಾನ್ ತಕ್-ಹಿಂಗ್ ಎಂಬ ನಟ ವಾಂಗ್ ಫೇ-ಹುಂಗ್ ಅನ್ನೋ ನಿಜವಾದ ಕುಂಗ್‌ಫು ಗುರುವಿನ ಪಾತ್ರವನ್ನು 70ಕ್ಕೂ ಹೆಚ್ಚು ಸಿನಿಮಾಗಳಲ್ಲಿ ಮಾಡಿದ. ಆ ಗುರು ಔಷಧಿ ಅಂಗಡಿ ಇಟ್ಟುಕೊಂಡು ಬುದ್ಧಿ ಹೇಳುವ ದೊಡ್ಡಮನುಷ್ಯ. ಹೊಡೆದಾಟ ಇತ್ತು, ಆದರೆ ರಕ್ತ ಕಮ್ಮಿ, ಉಪದೇಶ ಜಾಸ್ತಿ.

ರಕ್ತ ಬಂದಿದ್ದು 1967ರಲ್ಲಿ, ಪರದೆ ಮೇಲೂ ಬೀದಿಯಲ್ಲೂ.

ಆ ಹೊತ್ತಿನ ಹಾಂಗ್‌ಕಾಂಗ್ ಅಂದರೆ ಬಹುಪಾಲು ನಿರಾಶ್ರಿತರ ಊರು. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟರು ಗೆದ್ದ ಆಸುಪಾಸಿನಲ್ಲಿ ಲಕ್ಷಾಂತರ ಜನ ಗಡಿ ದಾಟಿ ಬಂದು ಗುಡ್ಡದ ಮೇಲೆ ತಗಡು, ಹಲಗೆ ಹೊಡೆದು ಗುಡಿಸಲು ಕಟ್ಟಿಕೊಂಡಿದ್ದರು. 1953ರ ಕ್ರಿಸ್ಮಸ್ ದಿನ ಶೆಕ್ ಕಿಪ್ ಮೇ ಎಂಬಲ್ಲಿ ಬಿದ್ದ ಬೆಂಕಿಗೆ ಒಂದೇ ರಾತ್ರಿ 50 ಸಾವಿರಕ್ಕೂ ಹೆಚ್ಚು ಮಂದಿ ಮನೆ ಕಳೆದುಕೊಂಡರು. ಅವರ ಮಕ್ಕಳು ದೊಡ್ಡವರಾಗಿ ಸೇರಿದ್ದು ಬಟ್ಟೆ, ವಿಗ್, ಪ್ಲಾಸ್ಟಿಕ್ ಕಾರ್ಖಾನೆಗಳಿಗೆ. 1967ರ ಮೇ ತಿಂಗಳಲ್ಲಿ ಒಂದು ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯಲ್ಲಿ ಶುರುವಾದ ಕಾರ್ಮಿಕರ ಜಗಳ, ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾವೂ ತಾಗಿ, ವರ್ಷದ ಕೊನೆತನಕ ಎಳೆದ ಗಲಭೆಯಾಯ್ತು. ಬೀದಿಯಲ್ಲಿ ಬಾಂಬು, ಕರ್ಫ್ಯೂ. ಸುಮಾರು 50 ಜನ ಸತ್ತರು.

ಅದೇ ವರ್ಷದ ಜುಲೈನಲ್ಲಿ ಬಿಡುಗಡೆಯಾಗಿದ್ದು ಶಾ ಬ್ರದರ್ಸ್ ಕಂಪನಿಯ 'ದಿ ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್'. ನಿರ್ದೇಶಕ ಚಾಂಗ್ ಚೆ, ಹೀರೋ ಜಿಮ್ಮಿ ವಾಂಗ್ ಯು. ಹಾಂಗ್‌ಕಾಂಗಿನಲ್ಲಿ ಹತ್ತು ಲಕ್ಷ ಡಾಲರ್ ದುಡಿದ ಮೊದಲ ಸ್ಥಳೀಯ ಚಿತ್ರ ಅಂತಲೇ ಅದು ಹೆಸರಾಗಿದೆ. ಕಥೆ ಕೇಳಿ. ಫಾಂಗ್ ಗಾಂಗ್ ಒಬ್ಬ ಆಳುಮಗ. ಒಡೆಯನನ್ನು ಉಳಿಸಲು ಹೋಗಿ ಅವನಪ್ಪ ಸತ್ತ. ಉಳಿದಿದ್ದು ಅಪ್ಪನ ಮುರಿದ ಕತ್ತಿ. ಒಡೆಯನೇ ಹುಡುಗನನ್ನು ಶಿಷ್ಯನಾಗಿ ಸಾಕ್ತಾನೆ. ಆದರೆ ಜೊತೆಯ ಶ್ರೀಮಂತ ಹುಡುಗರಿಗೆ ಇವನು ಆಳಿನ ಮಗನೇ. ಗುರುವಿನ ಮಗಳು ಒಂದು ಹಿಮದ ರಾತ್ರಿ ಸಿಟ್ಟಿನಲ್ಲಿ ಅವನ ಬಲಗೈ ಕತ್ತರಿಸಿ ಹಾಕ್ತಾಳೆ. ಏಕಲವ್ಯನ ಹೆಬ್ಬೆರಳು ಗೊತ್ತಿರೋ ನಮಗೆ ಈ ಸೀನಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಕ್ಕಿಲ್ಲದವನು ವಿದ್ಯೆ ಕಲಿತರೆ ಕಳ್ಕೊಳ್ಳೋದು ಕೈಯನ್ನೇ.

ಮುಂದಿನದು ಇನ್ನೂ ಚೆನ್ನಾಗಿದೆ. ಫಾಂಗ್ ಗಾಂಗ್‌ನನ್ನು ಒಬ್ಬ ಹಳ್ಳಿ ಹುಡುಗಿ ಉಳಿಸ್ತಾಳೆ. ಅವಳ ಹತ್ರ ಸತ್ತುಹೋದ ಅಪ್ಪನ ಕತ್ತಿವರಸೆಯ ಪುಸ್ತಕ ಇದೆ, ಆದರೆ ಅರ್ಧ ಸುಟ್ಟುಹೋಗಿದೆ. ಉಳಿದಿರೋ ಅರ್ಧದಲ್ಲಿ ಎಡಗೈ ವರಸೆಗಳು. ಅರ್ಧ ಪುಸ್ತಕ, ಅರ್ಧ ಕತ್ತಿ, ಒಂದೇ ಕೈ. ಇತ್ತ ವಿಲನ್, ಗುರುಮನೆಯ ಉದ್ದನೆಯ ಕತ್ತಿಗಳನ್ನು ಕಚ್ಚಿಹಿಡಿಯುವ ಒಂದು ಇಕ್ಕಳ ಮಾಡಿಸಿಕೊಂಡಿದಾನೆ. ಶಾಸ್ತ್ರೋಕ್ತವಾಗಿ ಕಲಿತ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಅದಕ್ಕೆ ಸಿಕ್ಕಿ ಸಾಯ್ತಾರೆ. ಫಾಂಗ್ ಗಾಂಗ್‌ನ ಮುರಿದ ಕತ್ತಿ ಗಿಡ್ಡ. ಇಕ್ಕಳಕ್ಕೆ ಅದು ಸಿಗೋದೇ ಇಲ್ಲ! ಇರೋ ಕೊರತೆಯೇ ಅವನನ್ನು ಗೆಲ್ಲಿಸುತ್ತೆ. ಇಲ್ಲದ ಸೌಕರ್ಯದಲ್ಲಿ ಬೆಳೆದು, ಕಾರ್ಖಾನೆಯಲ್ಲಿ ದುಡಿದು ಬಂದು ಟಿಕೆಟ್ ಕೊಂಡ ಹುಡುಗನಿಗೆ ಈ ಎರಡು ಗಂಟೆ ಏನು ಹೇಳಿರಬಹುದು, ಯೋಚಿಸಿ. ಕೊನೆಯಲ್ಲಿ ಫಾಂಗ್ ಗಾಂಗ್ ತನ್ನ ಕೈ ಕಡಿದವಳ ಮೇಲೆ ಸೇಡು ತೀರಿಸಿಕೊಳ್ಳಲ್ಲ. ಗುರುವನ್ನು ಉಳಿಸಿ, ಗುರುಪೀಠ ಬೇಡ ಅಂದು, ಹಳ್ಳಿ ಹುಡುಗಿ ಜೊತೆ ಬೇಸಾಯ ಮಾಡೋಕೆ ಹೊರಟುಬಿಡ್ತಾನೆ.

ಇಂಥ ಸಿನಿಮಾಗಳನ್ನು ಮಾಡ್ತಿದ್ದ ಜಾಗವೂ ಒಂದು ಕಾರ್ಖಾನೆಯೇ. ಕ್ಲಿಯರ್‌ವಾಟರ್ ಬೇ ದಂಡೆಯಲ್ಲಿ 1961ರಲ್ಲಿ ಶುರುವಾದ ಶಾ ಬ್ರದರ್ಸ್ ಸ್ಟುಡಿಯೋದಲ್ಲಿ ಸೆಟ್ಟು, ಲ್ಯಾಬು, ಡಬ್ಬಿಂಗು, ನಟರ ಹಾಸ್ಟೆಲ್ಲು ಎಲ್ಲ ಒಂದೇ ಕಾಂಪೌಂಡಿನೊಳಗೆ. ಯಜಮಾನ ರನ್ ರನ್ ಶಾ. ನಟರು ವರ್ಷಗಟ್ಟಲೆ ಕಾಂಟ್ರ್ಯಾಕ್ಟಿನಲ್ಲಿ ಸಂಬಳಕ್ಕಿದ್ದರು. ಶೂಟಿಂಗಿನಲ್ಲಿ ಮಾತು ರೆಕಾರ್ಡ್ ಮಾಡ್ತಿರಲಿಲ್ಲ, ಆಮೇಲೆ ಡಬ್ ಮಾಡೋರು. ಒಂದೇ ಬೀದಿ, ಒಂದೇ ಹೋಟೆಲ್ ಮೆಟ್ಟಿಲು ಹತ್ತಾರು ಸಿನಿಮಾಗಳಲ್ಲಿ ಕಾಣಿಸುತ್ತೆ. ಚಾಂಗ್ ಚೆ ಒಬ್ಬನೇ ಹತ್ತಿರಹತ್ತಿರ ನೂರು ಸಿನಿಮಾ ತೆಗೆದ. ನಮ್ಮ ಆಫೀಸಿನ ಸ್ಪ್ರಿಂಟುಗಳನ್ನು ನೋಡಿದವರಿಗೆ ಈ ವೇಗ, ಈ ಮರುಬಳಕೆ ಎರಡೂ ಪರಿಚಿತವೇ.

ಚಾಂಗ್ ಚೆಗೆ ಹೀರೋ ಸಾಯೋದು ಇಷ್ಟ. 1970ರ 'ವೆಂಜನ್ಸ್' ಸಿನಿಮಾದಲ್ಲಿ ಅಣ್ಣ ಒಬ್ಬ ನಾಟಕದ ನಟ. ಅವನನ್ನು ಸಂಚು ಮಾಡಿ ಕೊಲ್ತಾರೆ. ತಮ್ಮ ಒಬ್ಬೊಬ್ಬರನ್ನಾಗಿ ಹುಡುಕಿ ಕೊಂದು, ಬಿಳಿ ಬಟ್ಟೆಯೆಲ್ಲ ಕೆಂಪಾಗಿ ತಾನೂ ಸಾಯ್ತಾನೆ. ಲೆಕ್ಕ ಚುಕ್ತಾ. ಆದರೆ ಲೆಕ್ಕ ಬರೆಯೋಕೆ ಯಾರೂ ಉಳಿದಿಲ್ಲ. ಅದೇ ವರ್ಷ ವಾಂಗ್ ಯು ತಾನೇ ನಿರ್ದೇಶಿಸಿ ನಟಿಸಿದ 'ದಿ ಚೈನೀಸ್ ಬಾಕ್ಸರ್' ಬಂತು. ಅಲ್ಲಿಂದ ಕತ್ತಿ ಕೆಳಗಿಳಿದು ಬರಿಗೈ ಮೇಲೆ ಬಂತು. ಹೀರೋ ಕಾದ ಕಬ್ಬಿಣದ ಪುಡಿಗೆ ಕೈ ಅದ್ದಿ ಅದ್ದಿ ಗಟ್ಟಿ ಮಾಡಿಕೊಳ್ತಾನೆ. ಕಾಲಿಗೆ ಭಾರ ಕಟ್ಟಿಕೊಂಡು ಓಡ್ತಾನೆ. ಕತ್ತಿ ಕೊಳ್ಳೋಕೆ ದುಡ್ಡು ಬೇಕು, ಕೈ ಎಲ್ಲರ ಹತ್ರ ಇರುತ್ತೆ.

ಆಮೇಲೆ ಬ್ರೂಸ್ ಲೀ. 1971ರ 'ದಿ ಬಿಗ್ ಬಾಸ್'ನಲ್ಲಿ ಅವನು ಥಾಯ್ಲೆಂಡಿನ ಐಸ್ ಫ್ಯಾಕ್ಟರಿಗೆ ಕೂಲಿಗೆ ಬಂದ ವಲಸೆ ಕಾರ್ಮಿಕ. ಜಗಳ ಮಾಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿರ್ತಾನೆ. ಐಸ್ ಗಡ್ಡೆಯೊಳಗೆ ಡ್ರಗ್ಸ್ ಸಾಗಿಸ್ತಿರೋದು ಗೊತ್ತಾದ ಜೊತೆಗಾರರು ಒಬ್ಬೊಬ್ಬರೇ ಕಾಣೆಯಾಗ್ತಾರೆ. 1972ರ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಸೇಡು ಇಡೀ ದೇಶದ್ದಾಯ್ತು. ಶಾಂಘೈನಲ್ಲಿ ಗುರು ಹುವೊ ಯುವಾಂಜಿಯಾ ಸತ್ತಿದ್ದಾನೆ, ಜಪಾನಿಯರು ವಿಷ ಹಾಕಿಸಿದ್ದಾರೆ. ಶಿಷ್ಯ ಚೆನ್ ಝೆನ್, ಚೀನೀಯರನ್ನು ರೋಗಿಷ್ಟರು ಅಂತ ಹೀಯಾಳಿಸಿ ಕಳಿಸಿದ ಫಲಕವನ್ನು ವಾಪಸ್ ತಗೊಂಡು ಹೋಗಿ, ಅದರ ಕಾಗದವನ್ನು ಅವರಿಗೇ ತಿನ್ನಿಸ್ತಾನೆ. ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ ಅಂತ ಪಾರ್ಕಿನಲ್ಲಿದ್ದ ಬೋರ್ಡನ್ನು ಗಾಳಿಯಲ್ಲಿ ಹಾರಿ ಒದ್ದು ಪುಡಿ ಮಾಡ್ತಾನೆ.

ಇತಿಹಾಸ ಇಷ್ಟು ನೇರ ಇಲ್ಲ. ಹುವೊ ಯುವಾಂಜಿಯಾ ನಿಜವಾದ ವ್ಯಕ್ತಿ. ಶಾಂಘೈನಲ್ಲಿ ಜಿಂಗ್‌ವು ವ್ಯಾಯಾಮಶಾಲೆ ಶುರುವಾದ 1910ರಲ್ಲೇ ತೀರಿಕೊಂಡರು. ಮೊದಲಿಂದಲೂ ಅವರಿಗೆ ಕಾಯಿಲೆ ಇತ್ತು, ವಿಷದ ಕಥೆ ಇವತ್ತಿಗೂ ಸಾಬೀತಾಗಿಲ್ಲ. ಚೆನ್ ಝೆನ್ ಪೂರ್ತಿ ಕಲ್ಪನೆ. ಪಾರ್ಕಿನ ವಿಚಾರಕ್ಕೆ ಬಂದರೆ, ಶಾಂಘೈನ ಆ ಪಾರ್ಕಿಗೆ 1928ರವರೆಗೆ ಚೀನೀಯರನ್ನು ಬಿಡ್ತಿರಲಿಲ್ಲ ಅನ್ನೋದು ನಿಜ. ಆದರೆ ನಿಯಮದ ಪಟ್ಟಿಯಲ್ಲಿ ನಾಯಿಗಳ ಮಾತೇ ಬೇರೆ, ಜನರ ಮಾತೇ ಬೇರೆ ಇತ್ತು. ಎರಡನ್ನೂ ಸೇರಿಸಿ ಬರೆದ ಆ ಪ್ರಸಿದ್ಧ ಬೋರ್ಡು ಇತ್ತೇ ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಇದೆ. ಅವಮಾನ ಮಾತ್ರ ನಿಜವೇ. ಸಿನಿಮಾ ಮಾಡಿದ್ದು, ನಿಯಮಗಳಲ್ಲಿ ಹಂಚಿಹೋಗಿದ್ದ ಅವಮಾನವನ್ನು ಒಂದೇ ಹಲಗೆ ಮೇಲೆ ಬರೆದು, ಒದೆಯೋಕೆ ಅನುಕೂಲವಾಗೋ ಎತ್ತರದಲ್ಲಿ ನೇತುಹಾಕಿದ್ದು. ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಗೊತ್ತಿರುತ್ತೆ, ನಿಜವಾದ ಅವಮಾನಕ್ಕೆ ಅಂಥ ಹಲಗೆ ಇರಲ್ಲ. ಯಾರನ್ನು ಒದೀಬೇಕು ಅಂತಲೇ ತಿಳಿಯಲ್ಲ.

ಈ ಸಿನಿಮಾಗಳಲ್ಲಿ ಪೊಲೀಸರು ಎಲ್ಲಿ? ಕೊನೆಯಲ್ಲಿ ಬರ್ತಾರೆ, ಹೀರೋನ ಹಿಡಿಯೋಕೆ. 'ದಿ ಬಿಗ್ ಬಾಸ್' ಬ್ರೂಸ್ ಲೀ ಪೊಲೀಸರಿಗೆ ಶರಣಾಗೋದರಲ್ಲಿ ಮುಗಿಯುತ್ತೆ. 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಅವನು ಗುಂಡು ಹಾರಿಸುತ್ತಿರೋ ಸಾಲಿನ ಕಡೆ ಕೂಗುತ್ತಾ ಹಾರ್ತಾನೆ, ಚಿತ್ರ ಅಲ್ಲೇ ಗಾಳಿಯಲ್ಲೇ ನಿಂತುಬಿಡುತ್ತೆ. ಇದು ಬರೀ ಕಥೆಯ ಅನುಕೂಲ ಅಲ್ಲ. ಆಗಿನ ಹಾಂಗ್‌ಕಾಂಗಿನ ಪೊಲೀಸ್ ಇಲಾಖೆಯಲ್ಲಿ ಲಂಚ ಮೇಲಿಂದ ಕೆಳಗಿನವರೆಗೂ ಕಟ್ಟಿಟ್ಟ ಮಾಮೂಲು. 1973ರಲ್ಲಿ ಪೀಟರ್ ಗಾಡ್ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿ, ಲೆಕ್ಕಕ್ಕೆ ಸಿಗದ ಆಸ್ತಿಯ ತನಿಖೆ ನಡೀತಿರುವಾಗಲೇ ವಿಮಾನ ಹತ್ತಿ ಇಂಗ್ಲೆಂಡಿಗೆ ಪರಾರಿಯಾದ. ಜನ ಬೀದಿಗಿಳಿದರು. 1974ರಲ್ಲಿ ಸ್ವತಂತ್ರ ಭ್ರಷ್ಟಾಚಾರ ವಿರೋಧಿ ಆಯೋಗ ಬಂತು, ಗಾಡ್ಬರನ್ನು ವಾಪಸ್ ತಂದು ಜೈಲಿಗೆ ಹಾಕಿದರು. ದೂರು ಕೊಟ್ಟರೆ ಕೇಳೋರಿಲ್ಲ ಅನ್ನೋ ಊರಿನಲ್ಲಿ ಸೇಡಿನ ಸಿನಿಮಾ ಓಡೋದರಲ್ಲಿ ಆಶ್ಚರ್ಯ ಏನಿದೆ?

ಬ್ರೂಸ್ ಲೀ 1973ರ ಜುಲೈ 20ರಂದು ತೀರಿಕೊಂಡಾಗ 32 ವರ್ಷ. 'ಎಂಟರ್ ದಿ ಡ್ರ್ಯಾಗನ್' ಅಮೆರಿಕದಲ್ಲಿ ತೆರೆ ಕಂಡಿದ್ದು ಮುಂದಿನ ತಿಂಗಳು. ಅದಕ್ಕೂ ಮುಂಚೆ, ಆ ವರ್ಷದ ಮಾರ್ಚ್‌ನಲ್ಲಿ, ಶಾ ಬ್ರದರ್ಸ್‌ನ 'ಕಿಂಗ್ ಬಾಕ್ಸರ್' ಅಮೆರಿಕದಲ್ಲಿ 'ಫೈವ್ ಫಿಂಗರ್ಸ್ ಆಫ್ ಡೆತ್' ಅನ್ನೋ ಹೆಸರಲ್ಲಿ ಬಂದು ದಾರಿ ಮಾಡಿತ್ತು. ಕೊರಿಯಾದ ನಿರ್ದೇಶಕ, ಲೋ ಲಿಯೆ ಹೀರೋ. ವಿರೋಧಿಗಳು ಅವನ ಕೈಗಳನ್ನೇ ಜಜ್ಜಿ ಹಾಕ್ತಾರೆ, ಅವನು ಅದೇ ಕೈಗಳನ್ನು ಮತ್ತೆ ಕಟ್ಟಿಕೊಳ್ತಾನೆ. ಅಮೆರಿಕದ ದೊಡ್ಡ ನಗರಗಳ ಹಳೇ ಥಿಯೇಟರುಗಳಲ್ಲಿ ಈ ಸಿನಿಮಾಗಳನ್ನು ಮುಗಿಬಿದ್ದು ನೋಡಿದವರಲ್ಲಿ ಕಪ್ಪು ಜನರ ಪಾಲು ದೊಡ್ಡದು. ಬಿಳಿಯನಲ್ಲದ ಹೀರೋ, ಬಂದೂಕಿಲ್ಲ, ಅಪ್ಪನ ಆಸ್ತಿ ಇಲ್ಲ, ಮೈಯೊಂದೇ ಬಂಡವಾಳ. ಇಪ್ಪತ್ತು ವರ್ಷ ಆದ ಮೇಲೆ, 1993ರಲ್ಲಿ, ನ್ಯೂಯಾರ್ಕಿನ ವು-ಟ್ಯಾಂಗ್ ಕ್ಲಾನ್ ಅನ್ನೋ ರ್‍ಯಾಪ್ ಗುಂಪು ತನ್ನ ಮೊದಲ ಆಲ್ಬಮ್ಮಿಗೆ ಇಟ್ಟ ಹೆಸರಿನಲ್ಲೇ 36 ಕೋಣೆಗಳಿದ್ದವು.

ಆ ಕೋಣೆಗಳ ವಿಷಯಕ್ಕೇ ಬರೋಣ. ನನ್ನ ಮಟ್ಟಿಗೆ ಈ ಪರಂಪರೆಯ ದೊಡ್ಡ ಹೆಸರು ಲೌ ಕಾರ್-ಲ್ಯೂಂಗ್. ಅವರಪ್ಪನ ಗುರುವಿನ ಗುರು ನಿಜವಾದ ವಾಂಗ್ ಫೇ-ಹುಂಗ್. ಚಾಂಗ್ ಚೆ ಸಿನಿಮಾಗಳಿಗೆ ವರ್ಷಾನುಗಟ್ಟಲೆ ಹೊಡೆದಾಟ ಸಂಯೋಜಿಸಿ, 1975ರಲ್ಲಿ ತಾವೇ ನಿರ್ದೇಶಕರಾದರು. ಚಾಂಗ್ ಚೆಗೆ ಕುಂಗ್‌ಫು ಅಂದರೆ ಸಾಯುವ ರೀತಿ. ಲೌಗೆ ಅದು ಕಲಿಯುವ ರೀತಿ.

1978ರ 'ದಿ 36ತ್ ಚೇಂಬರ್ ಆಫ್ ಶಾವೊಲಿನ್' ನೋಡಿ. ಮಂಚು ಅಧಿಕಾರಿಗಳು ಮನೆಯವರನ್ನು, ಗೆಳೆಯರನ್ನು ಕೊಂದ ಮೇಲೆ ಒಬ್ಬ ವಿದ್ಯಾರ್ಥಿ ಗಾಯಗೊಂಡು ಶಾವೊಲಿನ್ ಮಠ ಸೇರ್ತಾನೆ. ಗಾರ್ಡನ್ ಲಿಯು ಪಾತ್ರ, ಮುಂದೆ ಸಾನ್ ತೆ ಅಂತ ಹೆಸರಾಗುತ್ತೆ. ಕುಂಗ್‌ಫು ಕಲಿಸಿ ಅಂದರೆ ಮೊದಲು ಕಸ ಗುಡಿಸೋ ಕೆಲಸ. ಆಮೇಲೆ 35 ಕೋಣೆ. ನೇರ ಅತ್ಯುನ್ನತ ಕೋಣೆಗೇ ಹೋಗ್ತೀನಿ ಅಂತಾನೆ. ಅಲ್ಲಿ ಬರೀ ಮಂತ್ರಪಾಠ, ಕಣ್ಣಲ್ಲೇ ಇವನನ್ನು ಹೊರಗೆ ತಳ್ತಾರೆ. ಕೆಳಗಿನಿಂದ ಶುರು. ನೀರಿನಲ್ಲಿ ತೇಲೋ ಕಟ್ಟಿಗೆ ಕಟ್ಟಿನ ಮೇಲೆ ಕಾಲಿಟ್ಟು ದಾಟಿದರೆ ಮಾತ್ರ ಊಟ. ಬಿದ್ದರೆ ಒದ್ದೆ ಬಟ್ಟೆ, ಖಾಲಿ ಹೊಟ್ಟೆ. ಕೈಗೆ ಚೂರಿ ಕಟ್ಟಿಕೊಂಡು ನೀರಿನ ಬಕೆಟ್ ಹೊರಬೇಕು; ತೋಳು ಇಳಿಸಿದರೆ ತನ್ನದೇ ಪಕ್ಕೆಗೆ ಚುಚ್ಚುತ್ತೆ. ಉದ್ದನೆಯ ಕೋಲಿನ ತುದಿಯ ಭಾರದಿಂದ ಗಂಟೆ ಬಾರಿಸಬೇಕು. ನೇತುಹಾಕಿದ ಮರಳಿನ ಚೀಲಗಳನ್ನು ತಲೆಯಿಂದ ಗುದ್ದುತ್ತಾ ಮುಂದೆ ಹೋಗಬೇಕು. ಸಿನಿಮಾದ ನಡುಭಾಗ ಪೂರ್ತಿ ಇದೇ. ಶತ್ರುವಿನ ಸುದ್ದಿಯೇ ಇಲ್ಲ. ನೋಡುವ ನಾವೂ ಮರೆತುಬಿಡ್ತೀವಿ!

ಇಲ್ಲಿ ನನ್ನ ಮಾತು ಸ್ವಲ್ಪ ಬರಬೇಕು, ಯಾಕಂದ್ರೆ ಈ ನಡುಭಾಗ ನನಗೆ ಸಿನಿಮಾದಿಂದ ಮಾತ್ರ ಗೊತ್ತಿರೋದಲ್ಲ. ನಮ್ಮೂರಲ್ಲಿ ನಮ್ಮ ಮನೆಗೂ ಇನ್ನೊಂದು ಮನೆಗೂ ಒಂದು ಬದುವಿನ ವ್ಯಾಜ್ಯ ಇತ್ತು. ಸರ್ವೆ ಕಲ್ಲು ರಾತ್ರೋರಾತ್ರಿ ಜಾಗ ಬದಲಾಯಿಸಿತ್ತು ಅಂತ ನಮ್ಮ ವಾದ, ಇಲ್ಲ ಅಂತ ಅವರದು. ಅಜ್ಜನ ಕಾಲದಲ್ಲಿ ಶುರುವಾಗಿ ಅಪ್ಪನ ತಲೆ ನರೆಯೋವರೆಗೂ ತಾಲ್ಲೂಕು ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ. ನಮ್ಮ ಮನೆಯಲ್ಲಿ ಅವರ ಹೆಸರು ಹೇಳ್ತಿರಲಿಲ್ಲ, 'ಎದುರು ಪಾರ್ಟಿ' ಅಂತಿದ್ದರು. ಅಜ್ಜನನ್ನು ಅವರು ಅರಳಿಕಟ್ಟೆ ಮುಂದೆ ನಾಲ್ಕು ಜನರೆದುರು ಬೈದಿದ್ದನ್ನು ಅಜ್ಜಿ ನನಗೆ ಎಷ್ಟು ಸಲ ಹೇಳಿದ್ದಳೋ. ಹೇಳಿ ಮುಗಿಸಿದ ಮೇಲೆ ಪ್ರತಿ ಸಲವೂ ಒಂದೇ ಮಾತು: "ನೀನು ಓದ್ಬೇಕು ಕಣೋ. ಓದಿ ಅವ್ರ ಮುಂದೆ ನಿಂತ್ಕೋಬೇಕು." ನನ್ನ ಬಿಇ ಅಂದರೆ ಅದು. ಸೀಮೆಎಣ್ಣೆ ಬುಡ್ಡಿ ಬೆಳಕು, ಬೆಳಗಿನ ಬಸ್ಸು, ಅರ್ಥವಾಗದ ಇಂಗ್ಲಿಷು, ಎಲ್ಲವೂ ಕೋಣೆಗಳೇ. ಹಳ್ಳಿಯಿಂದ ಬಂದ ನನ್ನ ವಾರಿಗೆಯ ಎಷ್ಟೋ ಜನರಿಗೆ ಇಂಥದ್ದೊಂದು ಎದುರು ಪಾರ್ಟಿ ಇತ್ತು. ಕೆಲವರಿಗೆ ದಾಯಾದಿ, ಕೆಲವರಿಗೆ ಊರಗೌಡ, ಕೆಲವರಿಗೆ ಬಾವಿ ಹತ್ತಿರ ನಿಲ್ಲಬೇಡ ಅಂದ ಇಡೀ ಕೇರಿ.

ಕೆಲಸ ಸಿಕ್ಕು ಏಳೆಂಟು ವರ್ಷ ಆದ ಮೇಲೆ ಒಂದು ಹಬ್ಬಕ್ಕೆ ಊರಿಗೆ ಹೋದಾಗ ಎದುರು ಪಾರ್ಟಿಯ ಯಜಮಾನ ದಾರಿಯಲ್ಲಿ ಸಿಕ್ಕಿದರು. ಎಂಬತ್ತು ದಾಟಿತ್ತು, ಕೋಲು ಹಿಡಿದಿದ್ದರು. ನಾನು ಬೇಕಾದಷ್ಟು ಡೈಲಾಗ್ ರೆಡಿ ಮಾಡಿಟ್ಟಿದ್ದೆ, ಹೈಸ್ಕೂಲಿನಿಂದಲೇ. ಅವರು ಹತ್ರ ಬಂದು, "ಏನಪ್ಪಾ, ಬೆಂಗಳೂರಲ್ಲಿ ಚೆನ್ನಾಗಿದೀಯಾ? ನಮ್ಮ ಮೊಮ್ಮಗನೂ ಇಂಜಿನಿಯರಿಂಗ್ ಮುಗಿಸವ್ನೆ, ಕೆಲ್ಸ ಸಿಕ್ಕಿಲ್ಲ. ಒಂದ್ ದಾರಿ ತೋರ್ಸು" ಅಂದರು. ಕೇಳುವಾಗ ಸಂಕೋಚ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಆ ಮೊಮ್ಮಗ ಆಮೇಲೆ ಆರು ಶನಿವಾರ ನಮ್ಮ ಮನೆಗೆ ಬಂದು ಇಂಟರ್‌ವ್ಯೂಗೆ ತಯಾರಿ ಮಾಡಿಕೊಂಡ. ನಮ್ಮಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ನ್ಯಾಯವಾದ ಸಿಟ್ಟೇ ಅದು. ವಾಯಿದೆಗೆ ಅಲೆದಿದ್ದು ಅವರು, ನಾನಲ್ಲ.

ಲೌ ಕಾರ್-ಲ್ಯೂಂಗ್ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬರೋದು ಈ ತೊಡಕೇ. ತಲೆಮಾರಿನಿಂದ ತಲೆಮಾರಿಗೆ ದಾಟುವಾಗ ಸೇಡಿಗೆ ಏನಾಗುತ್ತೆ? 1977ರ 'ಎಕ್ಸಿಕ್ಯೂಷನರ್ಸ್ ಫ್ರಮ್ ಶಾವೊಲಿನ್'ನಲ್ಲಿ ಅಪ್ಪ ಹುಲಿ ವರಸೆಯವನು, ಅಮ್ಮ ಕೊಕ್ಕರೆ ವರಸೆಯವಳು. ಗುರುವನ್ನು ಕೊಂದ ಪೈ ಮೇಯನ್ನು ಹೊಡೆಯೋಕೆ ಅಪ್ಪ ವರ್ಷಗಟ್ಟಲೆ ಹುಲಿ ವರಸೆಯೊಂದನ್ನೇ ಸಾಧಿಸ್ತಾನೆ. ಹೋಗಿ ಸೋತು ಬರ್ತಾನೆ. ಮತ್ತೆ ವರ್ಷಗಟ್ಟಲೆ ಅದನ್ನೇ ಸಾಧಿಸ್ತಾನೆ. ಮತ್ತೆ ಹೋಗಿ ಸಾಯ್ತಾನೆ. ಹೆಂಡತಿಯ ವರಸೆ ಕಲಿಯೋಕೆ ಅವನಿಗೆ ಒಪ್ಪಿಗೆ ಇಲ್ಲ. ಮಗನಿಗೆ ಸಿಗೋದು ಅಪ್ಪನ ಹಾಳಾದ ಪುಸ್ತಕ ಮತ್ತು ಅಮ್ಮ ಕಲಿಸಿದ ವಿದ್ಯೆ. ಎರಡನ್ನೂ ಕಲಸಿ ಅವನು ಹೊಸದೊಂದು ಮಾಡಿಕೊಂಡು ಗೆಲ್ತಾನೆ. ಹತ್ತು ವರ್ಷದ ಹಿಂದಿನ ಒಂಟಿಗೈ ವೀರನ ಅರ್ಧ ಸುಟ್ಟ ಪುಸ್ತಕ ಇಲ್ಲಿ ಮತ್ತೆ ಬಂದಿದೆ ನೋಡಿ. ಪುಸ್ತಕ ಪೂರ್ತಿ ಇದ್ದಿದ್ದರೆ ಮಗನೂ ಅಪ್ಪನ ಹಾಗೇ ಸಾಯ್ತಿದ್ದ.

ಮುಂದಿನ ವರ್ಷದ 'ಹೀರೋಸ್ ಆಫ್ ದಿ ಈಸ್ಟ್'ನಲ್ಲಿ ಲೌ ಇನ್ನೂ ದೂರ ಹೋದರು. ಚೀನೀ ಗಂಡ, ಜಪಾನೀ ಹೆಂಡತಿ, ಯಾರ ವಿದ್ಯೆ ದೊಡ್ಡದು ಅಂತ ಜಗಳ. ಜಪಾನಿನಿಂದ ಪರಿಣತರು ಬಂದು ಒಬ್ಬೊಬ್ಬರಾಗಿ ಸ್ಪರ್ಧೆಗೆ ನಿಲ್ತಾರೆ. ಇಡೀ ಸಿನಿಮಾದಲ್ಲಿ ಒಬ್ಬರೂ ಸಾಯಲ್ಲ. 'ಫಿಸ್ಟ್ ಆಫ್ ಫ್ಯೂರಿ' ಬಂದು ಆರೇ ವರ್ಷ ಆಗಿತ್ತು ಅನ್ನೋದನ್ನು ನೆನಪಿಟ್ಟುಕೊಂಡು ನೋಡಿದರೆ ಅದರ ಧೈರ್ಯ ಗೊತ್ತಾಗುತ್ತೆ.

ಇನ್ನು ಸಾನ್ ತೆ. ಎಲ್ಲ ಕೋಣೆಗಳನ್ನೂ ದಾಟಿ, ಮೂರು ತುಂಡಿನ ಕೋಲೊಂದನ್ನು ತಾನೇ ರೂಪಿಸಿ, ಹಿರಿಯ ಸನ್ಯಾಸಿಯನ್ನು ಸೋಲಿಸಿದ ಮೇಲೆ ಯಾವ ಕೋಣೆಯ ಮುಖ್ಯಸ್ಥನಾಗ್ತೀಯ ಅಂತ ಕೇಳ್ತಾರೆ. ಮಠದಲ್ಲಿ ಇಲ್ಲದ ಒಂದು ಕೋಣೆ ಬೇಕು ಅಂತಾನೆ. ಹೊರಗಿನ ಸಾಮಾನ್ಯ ಜನಕ್ಕೆ ಕಲಿಸುವ 36ನೇ ಕೋಣೆ. ನಿಯಮ ಒಪ್ಪಲ್ಲ, ಶಿಕ್ಷೆಯ ನೆಪದಲ್ಲಿ ಅವನನ್ನು ಹೊರಗೆ ಕಳಿಸ್ತಾರೆ. ಅವನು ಹೋಗಿ ಹಳೇ ಶತ್ರುವನ್ನು ಕೊಲ್ತಾನೆ, ಹೌದು. ಆದರೆ ಸಿನಿಮಾ ಅಲ್ಲಿಗೆ ನಿಲ್ಲಲ್ಲ. ಕೊನೆಯಲ್ಲಿ ಕಾಣೋದು ಅವನ ಕೋಣೆ, ಸಾಲಾಗಿ ನಿಂತು ಕಲಿಯುತ್ತಿರುವ ಊರ ಹುಡುಗರು. ಕೊನೇ ಏಟಿನ ಮೂರನೇ ಸೆಕೆಂಡಿಗೆ ಮುಗಿದುಹೋಗುತ್ತಿದ್ದ ಜಾತಿಯ ಸಿನಿಮಾ ಮೊದಲ ಸಲ ಸೇಡಿನ ಮಾರನೇ ದಿನವನ್ನು ತೋರಿಸಿತು.

ಇದನ್ನೆಲ್ಲ ಸಿಹಿಯಾಗಿ ಮುಗಿಸೋಕೆ ಲೌ ಅವರೇ ಬಿಡಲ್ಲ. 1984ರ 'ದಿ ಎಯ್ಟ್ ಡಯಾಗ್ರಾಮ್ ಪೋಲ್ ಫೈಟರ್'ನಲ್ಲಿ ಯಾಂಗ್ ಮನೆತನದ ಅಣ್ಣತಮ್ಮಂದಿರು ಮೋಸಕ್ಕೆ ಬಲಿಯಾಗ್ತಾರೆ. ಉಳಿದ ಇಬ್ಬರಲ್ಲಿ ಒಬ್ಬನಿಗೆ ಹುಚ್ಚು ಹಿಡಿಯುತ್ತೆ, ಇನ್ನೊಬ್ಬ ಮಠದ ಬಾಗಿಲು ತಟ್ತಾನೆ. ಹುಚ್ಚನ ಪಾತ್ರ ಮಾಡುತ್ತಿದ್ದ ಅಲೆಕ್ಸಾಂಡರ್ ಫು ಶೆಂಗ್ ಚಿತ್ರೀಕರಣ ನಡೆಯುತ್ತಿರುವಾಗಲೇ, 1983ರ ಜುಲೈನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡ. 28 ವರ್ಷ. ಆ ಪಾತ್ರ ಸಿನಿಮಾದ ನಡುವೆ ಸುಮ್ಮನೆ ಕಾಣೆಯಾಗುತ್ತೆ, ಯಾರೂ ವಿವರಣೆ ಕೊಡಲ್ಲ. ಗಾರ್ಡನ್ ಲಿಯು ಮಾಡಿದ ಪಾತ್ರಕ್ಕೆ ಸೇಡೂ ಸಿಗುತ್ತೆ, ಆದರೆ ಗೆದ್ದ ಮೇಲೆ ಅವನು ಅಮ್ಮ ಕಾಯ್ತಿರೋ ಮನೆಗೂ ಹೋಗಲ್ಲ, ಮಠಕ್ಕೂ ಹೋಗಲ್ಲ. ಎತ್ತಲೋ ಒಬ್ಬನೇ ನಡೆದು ಹೋಗ್ತಾನೆ. ಅಷ್ಟರಲ್ಲಿ ಪ್ರೇಕ್ಷಕರೂ ಜಾಗ ಬದಲಾಯಿಸಿದ್ದರು. ಜಾಕಿ ಚಾನ್‌ನ 1978ರ 'ಡ್ರಂಕನ್ ಮಾಸ್ಟರ್' ಕುಂಗ್‌ಫುವನ್ನು ನಗುವಿನ ಕಡೆ ತಿರುಗಿಸಿತ್ತು, ಮನೆಮನೆಯಲ್ಲಿ ಟಿವಿ ಬಂದಿತ್ತು. 1980ರ ದಶಕದ ಮಧ್ಯದಲ್ಲಿ ಶಾ ಬ್ರದರ್ಸ್ ಸಿನಿಮಾ ತಯಾರಿಕೆಯನ್ನು ಹೆಚ್ಚುಕಡಿಮೆ ನಿಲ್ಲಿಸಿ, ಸ್ಟುಡಿಯೋವನ್ನು ಟಿವಿ ಕೆಲಸಕ್ಕೆ ಬಿಟ್ಟಿತು.

ಗಾರ್ಡನ್ ಲಿಯು ಆಮೇಲೂ ಸಿಕ್ಕಿದ. ಕ್ವೆಂಟಿನ್ ಟ್ಯಾರಂಟಿನೋನ 'ಕಿಲ್ ಬಿಲ್' ಎರಡನೇ ಭಾಗದಲ್ಲಿ ಪೈ ಮೇ ಗುರುವೇ ಅವನು. 2009ರಲ್ಲಿ ಅಕ್ಷಯ್ ಕುಮಾರ್‌ನ 'ಚಾಂದ್‌ನಿ ಚೌಕ್ ಟು ಚೈನಾ'ದಲ್ಲಿ ವಿಲನ್ನೂ ಅವನೇ. ಆ ಹಿಂದಿ ಸಿನಿಮಾದ ಕಥೆಯೂ ಅದೇ ಹಳೇ ಅಚ್ಚು: ಸಾಕಿದವನು ಸಾಯ್ತಾನೆ, ಅಡುಗೆ ಹುಡುಗ ಕಲೀತಾನೆ, ವಾಪಸ್ ಬರ್ತಾನೆ. ನೋಡಿದಾಗ ಒಂಥರಾ ಅನ್ನಿಸಿತು. ಮೂವತ್ತು ವರ್ಷದ ಹಿಂದೆ ನೀರಿನ ಬಕೆಟ್ ಹೊತ್ತ ಮನುಷ್ಯ ಇಲ್ಲಿ ಬೇರೊಬ್ಬ ಹುಡುಗನ ಸೇಡಿಗೆ ಗುರಿಯಾಗಿ ನಿಂತಿದ್ದ.

ಈ ಸಿನಿಮಾಗಳನ್ನು ನೋಡಿಲ್ಲದವರು ಶುರು ಮಾಡೋದಾದರೆ 'ದಿ ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್' ಮೊದಲು ನೋಡಿ, ಆಮೇಲೆ 'ಫಿಸ್ಟ್ ಆಫ್ ಫ್ಯೂರಿ', ಆಮೇಲೆ '36ತ್ ಚೇಂಬರ್'. ಆದಷ್ಟೂ ಇಂಗ್ಲಿಷ್ ಡಬ್ಬಿಂಗ್ ಬೇಡ, ಸಬ್‌ಟೈಟಲ್ ಇರೋದನ್ನೇ ಹುಡುಕಿ. ಮುಖ್ಯವಾಗಿ, ಬಕೆಟ್ ಹೊರುವ ಸೀನು ಬಂದಾಗ ಬೋರು ಅಂತ ಫಾರ್ವರ್ಡ್ ಮಾಡಬೇಡಿ.